ಹೇಳದೇ ಹೊತ್ತಿಕೊಳ್ಳುವ ಚುಕ್ಕಿ

ಮಳೆಗಾಲ ಕಳೆದು ಕೃಷ್ಣೆಯ ದಡದ ಗಲಗಲಿಯ ಆಕಾಶ ತಿಳಿಯಾಗುವುದು ಅಕ್ಟೋಬರ್ ಕೊನೆಗೆ. ರಾತ್ರಿ ಎಂಟರ ಹೊತ್ತಿಗೆ ಉತ್ತರಕ್ಕೆ ಮುಖ ಮಾಡಿ ಕತ್ತೆತ್ತಿದರೆ ರಾಜಹಂಸ ಪುಂಜ. ಅದರ ದೆನೆಬ್ ನಕ್ಷತ್ರದಿಂದ, ಕೈ ಚಾಚಿದಾಗ ಒಂದು ಮುಷ್ಟಿಯಷ್ಟು ಪೂರ್ವಕ್ಕೆ ಎಸ್‌ಎಸ್ ಸಿಗ್ನಿ ಇದೆ. ಸುಮ್ಮನಿದ್ದಾಗ ಅದರ ಕಾಂತಿಮಾನ 12, ಬೈನಾಕ್ಯುಲರ್‌ಗೂ ಸಿಕ್ಕದು. ಸಾಮಾನ್ಯವಾಗಿ ಸುಮಾರು ಏಳು ವಾರಕ್ಕೊಮ್ಮೆ ಒಂದೆರಡು ದಿನಗಳಲ್ಲೇ ನಲವತ್ತು ಪಟ್ಟು ಬೆಳಗಿ 8ಕ್ಕೆ ಬಂದು ನಿಲ್ಲುತ್ತದೆ (ಅಂಕೆ ಇಳಿದಷ್ಟೂ ಕಾಂತಿ ಹೆಚ್ಚು).

ಇದು ಕುಬ್ಜ ನೋವಾ. ಇಲ್ಲಿರುವುದು ಜೋಡಿ: ಒಂದು ಶ್ವೇತಕುಬ್ಜ, ಇನ್ನೊಂದು ಕೆಂಪು ನಕ್ಷತ್ರ. ಆರೂವರೆ ಗಂಟೆಗೊಮ್ಮೆ ಪರಸ್ಪರ ಸುತ್ತುತ್ತವೆ. ಕೆಂಪು ನಕ್ಷತ್ರದಿಂದ ಸೋರಿದ ಅನಿಲ ಶ್ವೇತಕುಬ್ಜದ ಸುತ್ತ ತಟ್ಟೆಯಾಗಿ ತುಂಬಿಕೊಳ್ಳುತ್ತದೆ. ಹಿಪ್ಪರಗಿ ಬ್ಯಾರೇಜಿನ ಹಿಂದೆ ಕೃಷ್ಣೆ ತುಂಬಿದಂತೆ. ತಟ್ಟೆ ಕಾದು ಹೈಡ್ರೋಜನ್ ಅಯಾನೀಕರಣಗೊಂಡಾಗ ಗೇಟು ತೆರೆದ ಹಾಗೆ ಅನಿಲ ಒಳಕ್ಕೆ ನುಗ್ಗುತ್ತದೆ, ತಟ್ಟೆ ಬೆಳಗುತ್ತದೆ. ನಕ್ಷತ್ರ ಸಿಡಿಯುವುದಿಲ್ಲ.

ಎಲ್ಲ ಕುಬ್ಜ ನೋವಾಗಳೂ ಇಷ್ಟು ನಿಯತವಲ್ಲ. ಗಲಗಲಿಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಹಾಯುವ ಡಬ್ಲ್ಯೂಝಡ್ ಸಜಿಟೆ 1913, 1946, 1978ರಲ್ಲಿ ಹೊತ್ತಿತ್ತು. ಮೂವತ್ತಮೂರು ವರ್ಷದ ಲೆಕ್ಕ ಹಾಕಿದವರನ್ನು ಏಮಾರಿಸಿ 2001ರಲ್ಲೇ ಬೆಳಗಿತು. ಎಸ್‌ಎಸ್ ಸಿಗ್ನಿ ಕೂಡ 2021ರ ಹೊತ್ತಿಗೆ ಮಾಮೂಲಿ ತಾಳ ಬಿಟ್ಟಿತು. ತಾಳ ತಪ್ಪಿತೆಂದು ಹೇಳಲು ಮೊದಲು ತಾಳ ಗೊತ್ತಿರಬೇಕಲ್ಲ? 1896ರಲ್ಲಿ ಹಾರ್ವರ್ಡ್‌ನ ಲೂಯಿಸಾ ವೆಲ್ಸ್ ಅದನ್ನು ಗುರುತಿಸಿದಂದಿನಿಂದ ಕೂಡಿಬಂದ ದಾಖಲೆಯೇ ಅದನ್ನು ಹೇಳಿದ್ದು. ಅದರಲ್ಲಿ ಬಹುಪಾಲು ಹವ್ಯಾಸಿಗಳ ಬರವಣಿಗೆ.

ಜೆಸ್ಸೋರಿನ ಖಜಾನೆ ನೌಕರ ರಾಧಾಗೋವಿಂದ ಚಂದ್ರ ಇಂಥ ಚರಕಾಂತಿ ನಕ್ಷತ್ರಗಳ 37,000ಕ್ಕೂ ಹೆಚ್ಚು ವೀಕ್ಷಣೆ ದಾಖಲಿಸಿದವರು. ಅಮೆರಿಕದ ವೀಕ್ಷಕರ ಸಂಘ ಅವರಿಗೆ ಕಳಿಸಿದ್ದ ಆರಿಂಚಿನ ದುರ್ಬೀನು ಮುಂದೆ ಖಗೋಳವಿಜ್ಞಾನಿ ವೇಣು ಬಪ್ಪು ಅವರ ಕೈಸೇರಿತು. ಕೊನೆಗೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕಾವಲೂರು ವೀಕ್ಷಣಾಲಯಕ್ಕೆ ಬಂತು.

ಇಂಥ ವೀಕ್ಷಣೆಯ ವಿಧಾನ ಸರಳ. ಕಾಂತಿಮಾನ ಗೊತ್ತಿರುವ ಅಕ್ಕಪಕ್ಕದ ಎರಡು ಚುಕ್ಕಿಗಳ ನಡುವೆ ಎಸ್‌ಎಸ್ ಸಿಗ್ನಿಯನ್ನು ಕಣ್ಣಳತೆಯಲ್ಲಿ ತೂಗಬೇಕು. ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಯ ದೀಪ ಬೆನ್ನಿಗಿರುವ ಹೊಲದಂಚು ಹುಡುಕಿಕೊಳ್ಳಿ. ದಿನಾಂಕ, ಗಂಟೆ, ಕಾಂತಿಮಾನ ಬರೆದಿಡಿ. ಚುಕ್ಕಿ ಕಾಣದಿದ್ದರೆ, ಕಂಡ ಅತಿ ಮಂದ ಚುಕ್ಕಿಯ ಕಾಂತಿಮಾನ ನಮೂದಿಸಿ 'ಕಾಣಲಿಲ್ಲ' ಎಂದೇ ಬರೆಯಿರಿ. ಅದೂ ದಾಖಲೆಯೇ.