ಡೆಸ್ಮಂಡಿನ ಅರ್ಲ್ ಜೆರಾಲ್ಡನ ಐರಿಷ್ ಕವಿತೆಗಳು

ಐರ್ಲೆಂಡಿನಲ್ಲಿ ನೆಲಸಿದ ನಾರ್ಮನ್ ವಂಶಗಳು ‘ಐರಿಷರಿಗಿಂತಲೂ ಐರಿಷರಾದುವು’ ಎಂಬ ಮಾತು ಚರಿತ್ರಗ್ರಂಥಗಳಲ್ಲಿ ಪದೇಪದೇ ಕಾಣಬರುವುದು. ಮಾತು ಆ ಕಾಲದ್ದಲ್ಲ, ಬಹುಕಾಲದ ಮೇಲೆ ಹುಟ್ಟಿದುದು. ಆದರೂ ಅದನ್ನೇ ಪ್ರಮಾಣವೆಂದಿಟ್ಟುಕೊಂಡು ಡೆಸ್ಮಂಡಿನ 3ನೆಯ ಅರ್ಲನಾದ ಜೆರಾಲ್ಡ್ ಫಿಟ್ಸ್‌ಜೆರಾಲ್ಡನ (ಮರಣ 1398) ಕವಿತೆಗಳನ್ನು ಓದುವವರುಂಟು. ಈ ಕ್ರಮವು ಸಾಧುವೆಂದು ತೋರುವುದಿಲ್ಲ.

1169ರಲ್ಲಿ ಬಂದಿಳಿದ ನಾರ್ಮನ್ನರ ಸಂತತಿಯವರಲ್ಲಿ ಅನೇಕರು ಇನ್ನೂರು ವರ್ಷಗಳೊಳಗಾಗಿ ದೇಶೀಯರ ನುಡಿ, ಉಡುಪು, ನ್ಯಾಯಪದ್ಧತಿಗಳನ್ನು ಅಂಗೀಕರಿಸಿದ್ದರು. ಇದನ್ನು ತಡೆಯಲು 1366ರಲ್ಲಿ ಕಿಲ್ಕೆನ್ನಿಯ ಕಟ್ಟಳೆಗಳು ಹುಟ್ಟಿದುವು. ಇಂಗ್ಲಿಷ್ ಕುಲದವರು ಐರಿಷ್ ನುಡಿಯಬಾರದು, ಐರಿಷರೊಡನೆ ಮದುವೆ ಕೂಡದು, ಮಕ್ಕಳನ್ನು ಅವರ ಮನೆಗಳಲ್ಲಿ ಬೆಳೆಯಿಸಕೂಡದು, ಅವರ ಕವಿಗಾಯಕರಿಗೆ ಆಶ್ರಯ ಕೊಡಕೂಡದು ಎಂಬುದು ವಿಧಿ. ಇಂಗ್ಲಿಷನ್ನೇ ಆಡತಕ್ಕದ್ದೆಂದು ವಿಧಿಸಿದ ಈ ಕಟ್ಟಳೆಗಳನ್ನು ಬರೆದಿರುವುದು ಮಾತ್ರ ಫ್ರೆಂಚಿನಲ್ಲಿ!

ಮರುವರ್ಷವೇ ಇವನ್ನು ನಡೆಯಿಸಬೇಕಾದ ರಾಜಪ್ರತಿನಿಧಿಯ ಪದವಿಗೆ ಬಂದವನು ಜೆರಾಲ್ಡ್. ಅವನೇ ಐರಿಷ್ ಕವಿ! ಅವನ ಕವಿತೆಗಳಲ್ಲಿ ಬಹುಭಾಗವು ‘ಫರ್ಮಾಯ್ ಗ್ರಂಥ’ವೆಂಬ ಹಸ್ತಪ್ರತಿಯಲ್ಲಿ ಉಳಿದಿರುವುದು. ಕುಲಪರಂಪರೆಯ ಐರಿಷ್ ಕವಿಗಳು ಪಾಠಶಾಲೆಗಳಲ್ಲಿ ವರ್ಷಗಟ್ಟಲೆ ಅಭ್ಯಸಿಸಿದ, ಅಕ್ಷರಗಣನೆಯಲ್ಲಿಯೂ ಪ್ರಾಸದಲ್ಲಿಯೂ ಲೋಪವನ್ನು ಸಹಿಸದ ಬಂಧವು ಇವನದಲ್ಲ. ಇವನದು ಸಡಿಲವಾದ ಬಂಧ. ಲಾಕ್ಷಣಿಕರು ಇದನ್ನು ದೋಷವೆಂದೆಣಿಸಬಹುದು. ಆದರೆ ಕಲಿತು ಬರೆದ ಪರಭಾಷೆಯಲ್ಲಿ ಇಂತಹ ಸಲಿಗೆ ಬರುವುದು ದುರ್ಲಭ. ಇದು ಮನೆಯಲ್ಲಿ ಆಡುವ ನುಡಿಯ ಸಲಿಗೆ.

ನುಡಿಯು ಐರಿಷಾದರೂ ವಸ್ತುವೆಲ್ಲವೂ ಐರಿಷಲ್ಲ. ಹೆಂಗಸರನ್ನು ನಿಂದಿಸುವವರನ್ನು ಆಕ್ಷೇಪಿಸುವ ಅವನ ಪ್ರಸಿದ್ಧ ಕವಿತೆಯಲ್ಲಿ ಫ್ರೆಂಚ್ ಆಸ್ಥಾನಗಳ ಪ್ರಣಯಸಂಪ್ರದಾಯದ ಛಾಯೆಯು ಸ್ಪಷ್ಟವಾಗಿದೆ. ಮುಂದೆ ಐರಿಷಿನಲ್ಲಿ ಬೆಳೆದ ಪ್ರೇಮಗೀತಗಳ ಮಾರ್ಗಕ್ಕೆ (ಓ’ರಾಹಿಲಿಯವರು 1916ರಲ್ಲಿ ಸಂಕಲಿಸಿ ಪ್ರಕಟಿಸಿದುದು ಇವನ್ನೇ) ಇವನನ್ನು ಆದ್ಯನೆಂದು ಹೇಳುವ ವಾಡಿಕೆಯೂ ಉಂಟು. ಆದ್ಯನೆಂಬುದು ಅತಿಶಯವಾದರೂ, ಬಂದವನು ಬರಿಗೈಯಲ್ಲಿ ಬರಲಿಲ್ಲವೆಂಬಷ್ಟನ್ನು ಒಪ್ಪಲೇಬೇಕು. ಅವನನ್ನು ತನ್ನವನನ್ನಾಗಿ ಮಾಡಿಕೊಂಡ ಭಾಷೆಯು ತಾನೂ ಮೊದಲಿನಂತೆ ಉಳಿಯಲಿಲ್ಲ.

ಅವನ ನಡೆಯೂ ಹೀಗೆಯೇ. 1370ರಲ್ಲಿ ಅವನನ್ನು ಸೆರೆಹಿಡಿದವರು ಥೋಮಂಡಿನ ಓ’ಬ್ರಯನ್ ವಂಶದವರು. 1388ರಲ್ಲಿ ತನ್ನ ಮಗ ಜೇಮ್ಸನನ್ನು ಅದೇ ವಂಶದ ಕಾನರನ ಬಳಿ ಬೆಳೆಯಲು ಕಳುಹಿಸಿದನು; ಕಳುಹಿಸುವುದಕ್ಕೆ ಇಂಗ್ಲೆಂಡಿನ ದೊರೆಯ ಅಪ್ಪಣೆಯನ್ನೂ ಪಡೆದನು. ಪೂರ್ಣವಾಗಿ ಐರಿಷನಾಗಿಬಿಟ್ಟವನಿಗೆ ಈ ಅಪ್ಪಣೆಯ ಆವಶ್ಯಕತೆಯೇನು?

ಆ ಪ್ರಸಿದ್ಧವಾದ ಮಾತು ಯಾರಿಗಾದರೂ ಒಪ್ಪುವುದಾದರೆ, ಸುಮಾರು 1634ರಲ್ಲಿ ಐರ್ಲೆಂಡಿನ ಚರಿತ್ರೆಯನ್ನು ಐರಿಷಿನಲ್ಲಿಯೇ ರಚಿಸಿದ ನಾರ್ಮನ್ ಸಂತತಿಯ ಜೆಫ್ರಿ ಕೀಟಿಂಗನಿಗೆ ಒಪ್ಪೀತು. ಆದರೆ ಆ ವೇಳೆಗೆ ಮತದ್ವೇಷದ ದೆಸೆಯಿಂದ ಹಳೆಯ ನಾರ್ಮನ್ನರೂ ಐರಿಷರೂ ಒಂದೇ ಪಕ್ಷಕ್ಕೆ ಸೇರತೊಡಗಿದ್ದರು. ‘ಐರಿಷರು’ ಎಂಬ ಪದಕ್ಕೇ ಅರ್ಥವು ಹಿಗ್ಗಿದ್ದಿತು.