ಎರಡು ಟಿಕೆಟ್‌ಗಳ ಕೋಲ್ಕತ್ತ

ಕೋಲ್ಕತ್ತದ ಪಾರ್ಕ್ ಸ್ಟ್ರೀಟ್ ಮೆಟ್ರೊ ನಿಲ್ದಾಣದಿಂದ ಮೆಟ್ಟಿಲು ಹತ್ತಿ ಮೇಲೆ ಬಂದರೆ ಇಂಡಿಯನ್ ಮ್ಯೂಸಿಯಂ ಕೂಗಳತೆಯಲ್ಲಿದೆ. ದೇಶದ ಮೊದಲ ಮೆಟ್ರೊಗೂ ದೇಶದ ಮೊದಲ ಮ್ಯೂಸಿಯಂಗೂ ನಡುವೆ ಕೆಲವೇ ಹೆಜ್ಜೆ. ಎರಡಕ್ಕೂ ಟಿಕೆಟ್ ಕೊಳ್ಳಬೇಕು. ಮೊದಲ ಟಿಕೆಟ್ ಕೊಟ್ಟವರು ನಮ್ಮನ್ನು ಒಂದು ಕಡೆ ಮುಟ್ಟಿಸುವ ಹೊಣೆ ಹೊತ್ತುಕೊಳ್ಳುತ್ತಾರೆ. ಎರಡನೆಯವರು ಬಾಗಿಲು ತೆರೆದು ಒಳಗೆ ಬಿಟ್ಟು ಸುಮ್ಮನಾಗುತ್ತಾರೆ. ಈ ನಗರದಲ್ಲಿ ಸಾರಿಗೆಯವರಿಗೆ ಕರಗತವಾದ ವಿದ್ಯೆ ಮ್ಯೂಸಿಯಂನವರಿಗೆ ಇನ್ನೂ ಒಲಿದಿಲ್ಲ ಎಂಬುದು ನನ್ನ ತಕರಾರು.

ಸಾರಿಗೆ ಎಂದರೆ ಇಲ್ಲಿ ಸುಖ ಎಂದರ್ಥವಲ್ಲ. ಎಸ್ಪ್ಲನೇಡ್‌ನಿಂದ ಭವಾನಿಪುರದವರೆಗೆ ಬರೀ 3.4 ಕಿಲೋಮೀಟರ್ ಮೆಟ್ರೊ ಓಡಿಸಲು ರಸ್ತೆಗಳನ್ನು ಮೇಲಿನಿಂದಲೇ ಅಗೆದು, ಊರಿನ ಶಾಪ ಹಾಕಿಸಿಕೊಂಡು, 1984ರ ಅಕ್ಟೋಬರ್ 24ರವರೆಗೆ ಕಾಯಬೇಕಾಯಿತು. ಈಗಲೂ ಕಚೇರಿ ವೇಳೆಯಲ್ಲಿ ಆ ನೀಲಿ ಮಾರ್ಗದ ಬೋಗಿಯೊಳಗೆ ಕೈ ಎತ್ತಿದವರು ಇಳಿಸಲಾರರು, ಇಳಿಸಿದವರು ಎತ್ತಲಾರರು. ಆದರೂ ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬುದನ್ನು ಊರಿಗೆ ಹೊಸಬರಾದವರೂ ತಿಳಿದುಕೊಳ್ಳಬಹುದು. ಮೇಲಿನ ಖಾಸಗಿ ಬಸ್ಸುಗಳದು ಇನ್ನೊಂದು ಪಾಠಶಾಲೆ. ಬೆರಳ ಸಂದಿಯಲ್ಲಿ ನೋಟು ಮಡಿಸಿಟ್ಟುಕೊಂಡ ಕಂಡಕ್ಟರ್ ಬಸ್ಸಿನ ತಗಡು ಬಡಿಯುತ್ತ ದಾರಿಯಲ್ಲಿ ಬರುವ ಊರುಕೇರಿಗಳನ್ನೆಲ್ಲ ಒಂದೇ ಉಸಿರಿನಲ್ಲಿ ಕೂಗುತ್ತಾನೆ. ಹೆಂಗಸರು ಇಳಿಯುವಾಗ ಚಾಲಕನಿಗೆ ಕೇಳುವಂತೆ ‘ಆಸ್ತೆ ಲೇಡೀಸ್, ಕೋಲೆ ಬಚ್ಚಾ’ ಎನ್ನುತ್ತಾನೆ: ನಿಧಾನ, ಮಡಿಲಲ್ಲಿ ಕೂಸಿದೆ. ಗಂಡಸರು ಮಾತ್ರ ಓಡುವ ಬಸ್ಸಿನಿಂದಲೇ ಹಾರಿಕೊಳ್ಳಬೇಕು, ಅದು ಬೇರೆ ಮಾತು. ಹತ್ತಿದವರು ಯಾರು, ಎಲ್ಲಿಗೆ ಹೊರಟವರು, ಅವರಿಗೆ ಏನು ಗೊತ್ತಿಲ್ಲ ಎಂಬುದರ ಅಂದಾಜು ಅವನಿಗಿದೆ.

ಇಂಡಿಯನ್ ಮ್ಯೂಸಿಯಂಗೆ ಆ ಅಂದಾಜು ಇಲ್ಲ. ಸೆರಾಂಪುರದ ಡೇನಿಷ್ ವಸಾಹತಿನಲ್ಲಿ ವೈದ್ಯನಾಗಿದ್ದು, ಬ್ರಿಟಿಷರ ಕೈದಿಯೂ ಆಗಿದ್ದ ಸಸ್ಯಶಾಸ್ತ್ರಜ್ಞ ನಥಾನಿಯಲ್ ವಾಲಿಚ್ ಏಷ್ಯಾಟಿಕ್ ಸೊಸೈಟಿಗೆ ಬರೆದ ಪತ್ರದಿಂದ 1814ರಲ್ಲಿ ಇದು ಹುಟ್ಟಿತು. ಚೌರಂಗಿಯ ಈಗಿನ ಕಟ್ಟಡ ವಾಲ್ಟರ್ ಗ್ರ್ಯಾನ್‌ವಿಲ್ ರಚಿಸಿದ್ದು, 1878ರಲ್ಲಿ ತೆರೆದದ್ದು. ಕಟ್ಟಡದ ಬಗ್ಗೆ ನನ್ನದೇನೂ ದೂರಿಲ್ಲ. ಸುತ್ತ ಕಂಬಸಾಲಿನ ಜಗಲಿ, ನಡುವೆ ಹಸಿರು ಅಂಗಳ. ಒಂದು ಕೋಣೆ ನೋಡಿ ದಣಿದವರು ಹೊರಗೆ ಬಂದು ಆಕಾಶ ನೋಡಿ ಇನ್ನೊಂದಕ್ಕೆ ಹೋಗಬಹುದು. ಹವಾನಿಯಂತ್ರಿತ ಡಬ್ಬಿಗಳಂಥ ಹೊಸ ಮ್ಯೂಸಿಯಂಗಳಲ್ಲಿ ಈ ಬಿಡುವು ಸಿಗುವುದಿಲ್ಲ.

ತೊಂದರೆ ಜೋಡಣೆಯದು. ಆರು ವಿಭಾಗ, ಮೂವತ್ತೈದು ಗ್ಯಾಲರಿ: ಕಲೆ, ಪುರಾತತ್ತ್ವ, ಮಾನವಶಾಸ್ತ್ರ, ಭೂವಿಜ್ಞಾನ, ಪ್ರಾಣಿಶಾಸ್ತ್ರ, ಆರ್ಥಿಕ ಸಸ್ಯಶಾಸ್ತ್ರ. ಇದು ಹತ್ತೊಂಬತ್ತನೆಯ ಶತಮಾನದ ಸರ್ಕಾರಿ ಇಲಾಖೆಗಳ ಪಟ್ಟಿಯೇ ಹೊರತು ನೋಡಲು ಬಂದವರ ದಾರಿಯಲ್ಲ. ಶಿವಾಲಿಕ್ ಬೆಟ್ಟದ ಪಳೆಯುಳಿಕೆಗೂ ಗಾಂಧಾರದ ಬುದ್ಧನಿಗೂ ನಡುವೆ ಏನು ಸಂಬಂಧ ಎಂದು ಯಾರೂ ಹೇಳುವುದಿಲ್ಲ, ಸಂಬಂಧವಿಲ್ಲ ಎಂದೂ ಹೇಳುವುದಿಲ್ಲ. ಹಾಗಾಗಿ ಜಿಲ್ಲೆಗಳಿಂದ ಮಕ್ಕಳನ್ನು ಕಟ್ಟಿಕೊಂಡು ಬರುವ ಸಂಸಾರಗಳು ತಮ್ಮ ದಾರಿ ತಾವೇ ಮಾಡಿಕೊಂಡಿವೆ: ನೇರ ಈಜಿಪ್ಟಿನ ಮಮ್ಮಿ, ಅಲ್ಲಿಂದ ಪ್ರಾಣಿಗಳ ಅಸ್ಥಿಪಂಜರ, ಆಮೇಲೆ ಹೊರಗೆ. ಈ ಜನರಿಗೆ ಅಭಿರುಚಿಯಿಲ್ಲ ಎಂದು ಮೂಗು ಮುರಿಯುವವರನ್ನು ಕಂಡಿದ್ದೇನೆ. ನಾಮಫಲಕವಿಲ್ಲದ ಬಸ್ ನಿಲ್ದಾಣದಲ್ಲಿ ಜನ ಗುಂಪಿದ್ದ ಕಡೆಗೇ ಓಡುತ್ತಾರೆ, ಅದರಲ್ಲಿ ಅಭಿರುಚಿಯ ಪ್ರಶ್ನೆ ಎಲ್ಲಿಂದ ಬಂತು?

ಇದೇ ಕಟ್ಟಡದೊಳಗೆ ಇದಕ್ಕೆ ಉತ್ತರ ಕೊಡುವ ಕಲ್ಲುಗಳಿವೆ. ಮಧ್ಯಪ್ರದೇಶದ ಭಾರ್ಹುತ್‌ನಲ್ಲಿ ಅಲೆಕ್ಸಾಂಡರ್ ಕನಿಂಗ್‌ಹ್ಯಾಮ್ 1873ರಲ್ಲಿ ಕಂಡ ಸ್ತೂಪದ ಕೆಂಪು ಮರಳುಗಲ್ಲಿನ ಕಟಕಟೆ ಇಲ್ಲಿಗೆ ಬಂದು ನಿಂತಿದೆ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಸುಮಾರಿನ ಕೆಲಸ. ಪ್ರದಕ್ಷಿಣೆ ಹಾಕುವವರ ಕಣ್ಣಿಗೆ ಒಂದಾದ ಮೇಲೊಂದು ಬೀಳುವಂತೆ ಕಥೆಗಳನ್ನು ಕೆತ್ತಿದ್ದಾರೆ, ಅನೇಕ ಚಿತ್ರಗಳಿಗೆ ಬ್ರಾಹ್ಮಿ ಲಿಪಿಯಲ್ಲಿ ಶೀರ್ಷಿಕೆಯನ್ನೂ ಕೊಟ್ಟಿದ್ದಾರೆ. ಜೇತವನದ ಫಲಕವನ್ನೇ ನೋಡಿ. ನೊಗ ಬಿಚ್ಚಿದ ಎತ್ತುಗಳು ಮಲಗಿವೆ, ಗಾಡಿಯಿಂದ ನಾಣ್ಯ ಇಳಿಯುತ್ತಿದೆ, ಆಳುಗಳು ಚೌಕ ನಾಣ್ಯಗಳನ್ನು ನೆಲದ ಮೇಲೆ ಒತ್ತೊತ್ತಾಗಿ ಹಾಸುತ್ತಿದ್ದಾರೆ, ವ್ಯಾಪಾರಿ ಅನಾಥಪಿಂಡಿಕ ಗಿಂಡಿ ಹಿಡಿದು ಧಾರೆ ಎರೆಯಲು ನಿಂತಿದ್ದಾನೆ. ತೋಟವನ್ನು ಹೊನ್ನು ಹಾಸಿ ಕೊಂಡು ದಾನ ಮಾಡಿದ ಎಂಬುದನ್ನು ಕೆಳಗಿನ ಬರಹ ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಪಂಡಿತರಿಗೆಂದು ಬರೆದ ಸಾಲಲ್ಲ ಅದು, ದೂರದಿಂದ ನಡೆದು ಬಂದ ಯಾತ್ರಿಕರಿಗೆ. ರುರು ಜಿಂಕೆಯ ಕಥೆ ಹೇಳುವ ವೃತ್ತದಲ್ಲಂತೂ ಮುಳುಗುವವನನ್ನು ಹೊತ್ತು ಈಜುವ ಜಿಂಕೆ, ಬಿಲ್ಲೆತ್ತಿದ ರಾಜ, ಕೈಮುಗಿದು ನಿಂತ ಅದೇ ರಾಜ, ಮೂರೂ ಒಂದೇ ಚೌಕಟ್ಟಿನಲ್ಲಿವೆ. ಕಣ್ಣು ಯಾವ ಕ್ರಮದಲ್ಲಿ ಸಾಗಬೇಕೆಂದು ಶಿಲ್ಪಿ ಯೋಚಿಸಿದ್ದಾನೆ.

ಇಂಥ ಶೀರ್ಷಿಕೆಗಳು ನಮಗೂ ಅಪರಿಚಿತವಲ್ಲ. ಕಲಬುರಗಿ ಜಿಲ್ಲೆಯ ಸನ್ನತಿ ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ರಾಜ ರಾಣಿಯರ ಉಬ್ಬುಚಿತ್ರದ ಜೊತೆಗೆ ‘ರಾಯ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಕೆತ್ತಿದೆ. ಆ ಎರಡು ಪದ ಇಲ್ಲದಿದ್ದರೆ ಅವನು ಯಾವನೋ ಒಬ್ಬ ರಾಜನಾಗಿ ಉಳಿಯುತ್ತಿದ್ದ. ಆ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದಿ ಮುಗಿಸಿದ್ದು ಇದೇ ಕೋಲ್ಕತ್ತದಲ್ಲಿ, ಮ್ಯೂಸಿಯಂನ ತಾಯಿಮನೆಯಾದ ಏಷ್ಯಾಟಿಕ್ ಸೊಸೈಟಿಯಲ್ಲಿ. ಇಷ್ಟು ದೊಡ್ಡ ಕಥೆ ಹಿತ್ತಲಲ್ಲೇ ಇರುವಾಗ ಭಾರ್ಹುತ್ ಕೋಣೆ ಪ್ರಿನ್ಸೆಪ್‌ನಿಂದ ಶುರುವಾಗಬೇಕಿತ್ತು, ಅಲ್ಲಿಂದ ನೋಡುವವರೇ ಒಂದೆರಡು ಅಕ್ಷರ ಗುರುತಿಸುವಂತಾಗಬೇಕಿತ್ತು.

ವಸ್ತುಗಳನ್ನು ಕಾಪಾಡುವುದೇ ನಮ್ಮ ಮುಖ್ಯ ಕೆಲಸ, ವಿವರಿಸುವುದು ಆಮೇಲೆ ಎಂದು ಮ್ಯೂಸಿಯಂಗಳು ಹೇಳುವುದುಂಟು. ಆ ಸಮರ್ಥನೆಯೂ ಇಲ್ಲಿ ನಿಲ್ಲುವುದಿಲ್ಲ. ಇನ್ನೂರು ವರ್ಷದ ಹಬ್ಬಕ್ಕೆ ನವೀಕರಣ ನಡೆಯುತ್ತಿದ್ದಾಗ, 2013ರ ಡಿಸೆಂಬರ್‌ನಲ್ಲಿ, ಇಲ್ಲಿದ್ದ ರಾಂಪುರ್ವಾದ ಅಶೋಕಸ್ತಂಭದ ಸಿಂಹಶೀರ್ಷ ಸ್ಥಳಾಂತರದ ವೇಳೆ ಮುಕ್ಕಾಯಿತು. ಮೌರ್ಯರ ಕಾಲದಿಂದ ಉಳಿದು ಬಂದ ಸಿಂಹ ದ್ವಿಶತಮಾನೋತ್ಸವವನ್ನು ತಾಳಿಕೊಳ್ಳಲಿಲ್ಲ.

ಮೆಟ್ರೊದವರು ಏನೂ ಇಲ್ಲದ ಕಡೆ ಏನು ಮಾಡಿದ್ದಾರೆ ನೋಡಿ. 2024ರ ಮಾರ್ಚ್‌ನಿಂದ ಹೌರಾ ಮೈದಾನ ಮತ್ತು ಎಸ್ಪ್ಲನೇಡ್ ನಡುವೆ ರೈಲು ಹೂಗ್ಲಿ ನದಿಯ ಅಡಿಯಲ್ಲಿ ಓಡುತ್ತಿದೆ. ನದಿಯ ಕೆಳಗಿನ ಭಾಗ 520 ಮೀಟರ್, ದಾಟಲು ಮುಕ್ಕಾಲು ನಿಮಿಷ. ಅಲ್ಲಿ ನೀರಿಲ್ಲ, ಮೀನಿಲ್ಲ, ಕಾಣುವುದು ಸಿಮೆಂಟಿನ ಗೋಡೆ. ಆ ಗೋಡೆಗೆ ನೀಲಿ ದೀಪ ಹಾಕಿದ್ದಾರೆ, ಅಷ್ಟೇ. ಇಡೀ ಬೋಗಿ ಮಾತು ನಿಲ್ಲಿಸಿ ಕಿಟಕಿಗೆ ತಿರುಗುತ್ತದೆ, ಫೋನುಗಳು ಮೇಲೇಳುತ್ತವೆ. ಸ್ವಲ್ಪ ಅಗ್ಗದ ತಂತ್ರ ಎನ್ನಬಹುದು, ನಾನೂ ಅನ್ನುತ್ತೇನೆ. ಆದರೆ ಎಲ್ಲಿ ನೋಡಬೇಕು, ಯಾಕೆ ನೋಡಬೇಕು ಎಂದು ಹೇಳಿದರೆ ಜನ ನೋಡುತ್ತಾರೆ ಎಂಬುದಂತೂ ಅಲ್ಲಿ ದಿನವೂ ರುಜುವಾತಾಗುತ್ತಿದೆ.

ಸಾರಿಗೆಯವರು ಮ್ಯೂಸಿಯಂನಿಂದ ಕಲಿಯಬಾರದ್ದನ್ನು ಕಲಿತದ್ದೂ ಇದೇ ಊರಿನಲ್ಲಿ. 1902ರಿಂದ ವಿದ್ಯುತ್ತಿನಲ್ಲಿ ಓಡಿದ ಟ್ರಾಮ್‌ಗೆ ಎಸ್ಪ್ಲನೇಡ್ ಡಿಪೋದಲ್ಲಿ 2014ರಲ್ಲಿ ‘ಸ್ಮರಣಿಕಾ’ ಎಂಬ ಪುಟ್ಟ ಮ್ಯೂಸಿಯಂ ಆಯಿತು. ಹಳೆಯ ಟ್ರಾಮ್‌ನ ಒಂದು ಬೋಗಿಯಲ್ಲಿ ಟಿಕೆಟ್ಟು, ಟೋಪಿ, ಬಿಲ್ಲೆಗಳು, ಇನ್ನೊಂದರಲ್ಲಿ ಚಹಾ. ವಸ್ತುವೂ ಅದನ್ನಿಟ್ಟ ಜಾಗವೂ ಒಂದೇ ಆದ್ದರಿಂದ ಚೌರಂಗಿಯ ಮೂವತ್ತೈದು ಗ್ಯಾಲರಿಗಳಿಗೆ ಸಾಧ್ಯವಾಗದ ಸ್ಪಷ್ಟತೆ ಇದಕ್ಕೆ ಸಿಕ್ಕಿದೆ. ಆದರೆ ಹೊರಗೆ ಟ್ರಾಮ್ ಇನ್ನೂ ಓಡುತ್ತಿದ್ದಾಗಲೇ ಅದರ ಶ್ರಾದ್ಧದೂಟ ಹಾಕಿದ ಹಾಗಾಯಿತು. ಹಳಿಗಳಿಗೆ ಮೀಸಲಾಗಿದ್ದ ದಾರಿಯನ್ನು ಕಾರುಗಳಿಗೆ ಬಿಟ್ಟುಕೊಟ್ಟವರೇ ಟ್ರಾಮ್ ನಿಧಾನ ಎಂದರು. 2024ರಲ್ಲಿ ರಾಜ್ಯ ಸರ್ಕಾರ ಮೈದಾನ–ಎಸ್ಪ್ಲನೇಡ್ ನಡುವಿನ ಒಂದು ಪಾರಂಪರಿಕ ಮಾರ್ಗ ಮಾತ್ರ ಉಳಿಸುವುದಾಗಿ ಹೇಳಿತು. ಪ್ರವಾಸಿಗರಿಗೆ ಅದು ಸೊಗಸೇ ಇರಬಹುದು. ಶ್ಯಾಮ್‌ಬಜಾರ್‌ನಿಂದ ಕಾಲೇಜ್ ಸ್ಟ್ರೀಟಿಗೆ ಪುಸ್ತಕ ಕೊಳ್ಳಲು ಹೊರಟ ವಿದ್ಯಾರ್ಥಿಗೆ ಮೈದಾನದ ಅಂಚಿನ ಆ ಸವಾರಿಯಿಂದ ಆಗಬೇಕಾದ್ದೇನೂ ಇಲ್ಲ.