ಎವೆಗೆ ಅಂಟಿದ ಅಂದ

ಕಣ್ಣೆವೆಗಳಿಗೆ ಕೃತಕ ಎಳೆ ಅಂಟಿಸುವ ಲ್ಯಾಶ್ ಎಕ್ಸ್‌ಟೆನ್ಷನ್ ಮಾಡಿಸಲು ಹೋದರೆ ಮೊದಲು ಕೈಗೆ ಬರುವುದು ಚಿತ್ರಗಳ ಆಲ್ಬಮ್. ಕ್ಲಾಸಿಕ್ಕೋ ವಾಲ್ಯೂಮೋ, ಸಿ ಕರ್ಲೋ ಡಿ ಕರ್ಲೋ, ಕ್ಯಾಟ್ ಐಯೋ ಡಾಲ್ ಐಯೋ? ಇದಕ್ಕೆಲ್ಲ ಉತ್ತರ ಸಿದ್ಧವಿಟ್ಟುಕೊಂಡು ಬಂದವರೂ ಅಂಟು ಯಾವುದೆಂದು ಕೇಳುವುದಿಲ್ಲ. ಈ ಅಲಂಕಾರದ ಒಳಿತು ಕೆಡುಕೆಲ್ಲ ನಿಂತಿರುವುದು ಆ ಅಂಟಿನ ಮೇಲೆ ಮತ್ತು ಅದನ್ನು ಹಚ್ಚುವ ಕೈಯ ಮೇಲೆ.

ಅಂಟು ಸಯನೋಅಕ್ರಿಲೇಟ್. ಮುರಿದ ಆಟಿಕೆಗೆ ಹಚ್ಚುವ ಫೆವಿಕ್ವಿಕ್ಕಿನ ಬಳಗದ್ದೇ, ಕಣ್ಣಿನ ಹತ್ತಿರ ಬಳಸಲೆಂದು ಬೇರೆ ಹದದಲ್ಲಿ ತಯಾರಾದದ್ದು. ಗಾಳಿಯ ತೇವದಿಂದ ಅದು ಗಟ್ಟಿಯಾಗುತ್ತದೆ. ಹಾಗಾಗಿ ಮಂಗಳೂರಿನ ಮಳೆಗಾಲದಲ್ಲಿ ಬೇಗ ಬಿಗಿಯುವ ಅಂಟು ಕಲಬುರಗಿಯ ಬೇಸಿಗೆಯಲ್ಲಿ ತಡಮಾಡುತ್ತದೆ. ಕೆಲಸ ಬಲ್ಲವರ ಮೇಜಿನ ಮೇಲೆ ತೇವಾಂಶ ಅಳೆಯುವ ಪುಟ್ಟ ಮೀಟರ್ ಇರುವುದು ಇದಕ್ಕೇ. ಅಂಟಿನ ಆವಿ ತಾಗಿದರೆ ಕಣ್ಣು ಉರಿಯುತ್ತದೆ. ಕೆಲವು ಅಂಟುಗಳು ಫಾರ್ಮಾಲ್ಡಿಹೈಡ್ ಬಿಡುವುದೂ ಉಂಟು. ಒಂದೆರಡು ದಿನ ಮೊದಲೇ ನಾಲ್ಕೈದು ಎಳೆ ಅಂಟಿಸಿ ನೋಡುವ ಪ್ಯಾಚ್ ಟೆಸ್ಟನ್ನು ಬೇಡವೆನ್ನುವ ಸಲೂನಿನಿಂದ ಎದ್ದು ಬರುವುದೇ ಲೇಸು. ಆದರೆ ಅಲರ್ಜಿಯ ಸ್ವಭಾವ ವಿಚಿತ್ರ. ನಾಲ್ಕು ಸಲ ಸುಮ್ಮನಿದ್ದ ರೆಪ್ಪೆ ಐದನೆಯ ಸಲ ಊದಿಕೊಳ್ಳಬಹುದು.

ಇನ್ನು ಕೈಯ ಮಾತು. ಮೇಲ್ರೆಪ್ಪೆಯಲ್ಲಿ ಸುಮಾರು 90ರಿಂದ 150 ಕೂದಲಿರುತ್ತವೆ. ಒಂದೊಂದನ್ನೂ ಚಿಮುಟದಿಂದ ಬಿಡಿಸಿ ಹಿಡಿದು ಅದಕ್ಕೆ ಕೃತಕ ಎಳೆ ಅಂಟಿಸಬೇಕು. ಎರಡು ಕೂದಲು ಒಟ್ಟಿಗೆ ಅಂಟಿದವೋ, ಬೇಗ ಬೆಳೆಯುವುದು ನಿಧಾನಗತಿಯದನ್ನು ಬುಡಸಮೇತ ಎಳೆಯತೊಡಗುತ್ತದೆ. ಆ ಎಳೆತ ತಿಂಗಳುಗಟ್ಟಲೆ ನಡೆದರೆ ರೆಪ್ಪೆಯ ಅಂಚು ಅಲ್ಲಲ್ಲಿ ಬೋಳಾಗುತ್ತದೆ. ಸರಿಯಾದ ಕೆಲಸಕ್ಕೆ ಒಂದೂವರೆ, ಎರಡು ಗಂಟೆ ಬೇಕು. ಅರ್ಧ ಗಂಟೆಯಲ್ಲಿ ಮುಗಿಸಿಕೊಡುತ್ತೇವೆಂದರೆ ಗೊಂಚಲು ಗೊಂಚಲಾಗಿ ಮೆತ್ತುತ್ತಾರೆಂದೇ ಲೆಕ್ಕ. ಜಪಾನಿನಲ್ಲಿ 2008ರಲ್ಲೇ ಸರ್ಕಾರ ಇದು ಪರವಾನಗಿ ಪಡೆದ ಸೌಂದರ್ಯತಜ್ಞರ ಕೆಲಸವೆಂದು ಸ್ಪಷ್ಟಪಡಿಸಿತು. ನಮ್ಮಲ್ಲಿ ನಾಲ್ಕು ದಿನದ ಕೋರ್ಸಿನ ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಿದವರೂ ಚಿಮುಟ ಹಿಡಿಯುತ್ತಾರೆ.

ಉದ್ದದ ಹುಚ್ಚಿಗೂ ಒಂದು ಮಿತಿಯಿದೆ. ಅಮೆರಿಕದ ಜಾರ್ಜಿಯಾ ಟೆಕ್‌ನವರು 22 ಬಗೆಯ ಸಸ್ತನಿಗಳ ಎವೆಗಳನ್ನು ಅಳೆದು, ಕಣ್ಣಿನ ಅಗಲದ ಮೂರನೇ ಒಂದು ಭಾಗದಷ್ಟಿದ್ದರೆ ಧೂಳೂ ಕಡಿಮೆ, ಕಣ್ಣು ಒಣಗುವುದೂ ಕಡಿಮೆ ಎಂದು 2015ರಲ್ಲಿ ಪ್ರಕಟಿಸಿದರು. ಅದಕ್ಕಿಂತ ಉದ್ದವಾದರೆ ಎವೆಗಳೇ ಗಾಳಿಯನ್ನು ಕಣ್ಣಿನತ್ತ ಸೆಳೆಯುತ್ತವಂತೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿ ದಿನವಿಡೀ ಎ.ಸಿ.ಯಲ್ಲಿ ಕೂರುವವರು ಇದನ್ನು ಗಮನಿಸಬೇಕು.

ಸಲೂನುಗಳ ಸಲಹೆಗಳಲ್ಲಿ ನನಗೆ ಅತಿ ಕೆಟ್ಟದೆನಿಸಿದ್ದು ‘ನೀರು ತಾಗಿಸಲೇಬೇಡಿ’ ಎನ್ನುವುದು. ಮೊದಲ ದಿನಕ್ಕೆ ಸರಿ. ಆಮೇಲೂ ಎಲ್ಲಿ ಉದುರೀತೋ ಎಂದು ಹೆದರಿ ತೊಳೆಯದೆ ಬಿಟ್ಟರೆ ಎವೆಯ ಬುಡದಲ್ಲಿ ಜಿಡ್ಡು, ಹೊಟ್ಟು ಕೂತು ರೆಪ್ಪೆ ಉರಿಯೂತಕ್ಕೆ ದಾರಿಯಾಗುತ್ತದೆ. ಎಣ್ಣೆಯಿಲ್ಲದ ಕ್ಲೆನ್ಸರಿನಿಂದ ದಿನವೂ ಮೆಲ್ಲಗೆ ತೊಳೆಯಲೇಬೇಕು. ಎಣ್ಣೆಯಿಲ್ಲದ್ದೇ ಏಕೆಂದರೆ ಎಣ್ಣೆ ಅಂಟನ್ನು ಸಡಿಲಿಸುತ್ತದೆ. ನಮ್ಮ ಮದುಮಗಳ ಪಾಡು ಇಲ್ಲಿಯೇ ತೊಡಕಾಗುವುದು: ಎಣ್ಣೆ, ಅರಿಶಿನದ ಶಾಸ್ತ್ರ, ಮಂಗಳಸ್ನಾನದ ಹಬೆ, ಹೋಮದ ಹೊಗೆ ಎಲ್ಲವೂ ಒಂದರ ಹಿಂದೊಂದು. ಮದುವೆಯ ಹಿಂದಿನ ಸಂಜೆ ಮಾಡಿಸುವುದಂತೂ ಶುದ್ಧ ಅವಿವೇಕ. ಅಲರ್ಜಿ ತಲೆಯೆತ್ತಿದರೆ ಅದು ಸರಿಯಾಗಿ ಮುಹೂರ್ತಕ್ಕೇ ಹಾಜರಾಗುತ್ತದೆ. ನಾಲ್ಕೈದು ದಿನ ಮುಂಚೆ ಮಾಡಿಸಿ, ಶಾಸ್ತ್ರದ ಎಣ್ಣೆ ಕಣ್ಣಿಗಿಳಿಯದಂತೆ ನೋಡಿಕೊಳ್ಳಬಹುದು.

ಅಂಥ ಒಂದು ಸಂದರ್ಭಕ್ಕೆ ಹಗುರವಾದ ಕ್ಲಾಸಿಕ್ ಸೆಟ್ ಚೆನ್ನಾಗಿಯೇ ಕಾಣುತ್ತದೆ, ತಕರಾರಿಲ್ಲ. ವರ್ಷವಿಡೀ ದಟ್ಟವಾದ ಮೆಗಾ ವಾಲ್ಯೂಮ್ ಸೆಟ್ ಹೊರುವುದನ್ನು ಮಾತ್ರ ಒಪ್ಪಲಾರೆ. ‘ಬೆಳಗಿನ ಮೇಕಪ್ ಉಳಿತಾಯ’ ಎಂದು ಮಾರುವ ಈ ಸೇವೆ ಎರಡು ಮೂರು ವಾರಕ್ಕೊಮ್ಮೆ ರೀಫಿಲ್ ಬೇಡುತ್ತದೆ, ಉಳಿದ ಸಮಯ ಅಲ್ಲಿ ಖರ್ಚಾಗುತ್ತದೆ. ಸಾಕೆನಿಸಿದಾಗ ಕನ್ನಡಿಯ ಮುಂದೆ ನಿಂತು ಕಿತ್ತುಕೊಂಡರೆ ಸ್ವಂತ ಕೂದಲೂ ಜೊತೆಗೇ ಬರುತ್ತದೆ. ಅಂಟಿಸಿದ ಎಳೆಗಳನ್ನು ರಿಮೂವರ್ ಹಚ್ಚಿ ಸಲೂನಿನವರೇ ತೆಗೆಯಬೇಕು. ದರ ಕೇಳುವಾಗಲೇ ತೆಗೆಸುವ ದರವನ್ನೂ ಕೇಳಿಟ್ಟುಕೊಳ್ಳಿ. ಕಣ್ಣು ಕೆಂಪಾಗಿ ನೋವೋ ಮಂಜೋ ಕಾಣಿಸಿಕೊಂಡರೆ ಮಾತ್ರ ನೇರ ಕಣ್ಣಿನ ವೈದ್ಯರ ಬಳಿಗೇ ಹೋಗಬೇಕು.